ಕೋಳಿಗೆ ಹಾಕಿದ ಮದ್ದು

ನಮ್ಮ ಕಡೆಯ ಆಡುಮಾತಿನಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕಾಯಿಲೆಯನ್ನು ವಾಸಿಮಾಡುವುದೂ ಮದ್ದೇ. ಆಗದವರ ಅನ್ನದಲ್ಲಿ ಗುಟ್ಟಾಗಿ ಬೆರೆತು ಅವರನ್ನು ದಿನದಿನಕ್ಕೆ ಸೊರಗಿಸುತ್ತದೆಂದು ಜನ ನಂಬಿರುವ ವಸ್ತುವೂ ಮದ್ದೇ. ಮೊದಲನೆಯದನ್ನು ಕೊಡುತ್ತಾರೆ, ಎರಡನೆಯದನ್ನು ಹಾಕುತ್ತಾರೆ. ಇಂದು ನಾನು ಹೇಳಹೊರಟಿರುವುದು ಕೋಳಿಗಳಿಗೆ ಹಾಕಿದ ಮದ್ದಿನ ಚರಿತ್ರೆಯನ್ನು. ಹಾಕಿದವರಾರೂ ಹಗೆಗಳಲ್ಲ. ಒಳ್ಳೆಯ ವಿಜ್ಞಾನಿಗಳು, ನಾಲ್ಕು ಕಾಸು ಕಾಣಬೇಕೆಂದಿದ್ದ ರೈತರು, ನನ್ನಂಥ ಪಶುವೈದ್ಯರು.

1975ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿಗೆ ಹೊಸದಾಗಿ ಪಶುವೈದ್ಯನಾಗಿ ಹೋಗಿದ್ದೆ. ಅಲ್ಲಿಯ ಜನಕ್ಕೆ ಕೋಳಿ ಎಂದರೆ ಹಗಲೆಲ್ಲ ತಿಪ್ಪೆ ಕೆದಕಿ, ಸಂಜೆಗೆ ಕವುಚಿ ಹಾಕಿದ ಮಂಕರಿಯೊಳಗೆ ಸೇರುವ ನಾಟಿ ಕೋಳಿ. ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಿಂದ ಬಿಳಿಯ ಲೆಗ್‌ಹಾರ್ನ್ ಮರಿಗಳನ್ನು ತಂದು, ಹೊಟ್ಟಿನ ಹಾಸಿನ ಮೇಲೆ ಇನ್ನೂರು ಮುನ್ನೂರು ಸಾಕುವ ಸಾಹಸಿಗರು ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸಿಕೊಳ್ಳುತ್ತಿದ್ದರು. ಅಂಥ ಒಬ್ಬರ ಮನೆಗೆ ಹೋಗಿ, ಮುಸುಕಿನ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿಗಳ ರಾಶಿಗೆ ಒಂದು ಹಳದಿ ಪುಡಿಯನ್ನು ಸಮನಾಗಿ ಬೆರೆಸುವ ಕ್ರಮವನ್ನು ನನ್ನ ಕೈಯಾರೆ ತೋರಿಸಿಕೊಟ್ಟೆ. ಅದು ಟೆಟ್ರಾಸೈಕ್ಲಿನ್ ಜಾತಿಯ ಔಷಧ. ರಾಶಿಗೆ ಹೋಲಿಸಿದರೆ ಅದರ ಪ್ರಮಾಣ ಚಿಟಿಕೆಯಷ್ಟು. ಆ ಹಿರಿಯರು ನೋಡಿಕೊಂಡು ನಿಂತಿದ್ದವರು, ‘ಕಾಯ್ಲೇನೇ ಇಲ್ವಲ್ಲ ಡಾಕ್ಟ್ರೇ, ಮದ್ದು ಯಾಕೆ?’ ಎಂದರು.

‘ಕಾಯ್ಲೆಗಲ್ಲ ಗೌಡ್ರೇ, ಚೆನ್ನಾಗಿ ಬೆಳೀಲಿ ಅಂತ. ಇಷ್ಟು ಕಮ್ಮಿ ಹಾಕಿದ್ರೆ ಯಾರಿಗೂ ಏನೂ ಆಗೋಲ್ಲ’ ಎಂದೆ ನಾನು.

ಈ ಉತ್ತರ ನನ್ನ ಸ್ವಂತದ್ದಲ್ಲ, ತರಗತಿಯ ಟಿಪ್ಪಣಿ ಪುಸ್ತಕದ್ದು. ಅದರ ಮೊದಲ ವಾಕ್ಯ ನಿಜ, ಎರಡನೆಯದು ಸುಳ್ಳು. ಸುಳ್ಳೆಂಬ ಸೂಚನೆ ನಾನು ತೊಟ್ಟಿಲಲ್ಲಿದ್ದಾಗಲೇ ಅಚ್ಚಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಕಥೆಯ ಮೂಲ ಅಮೆರಿಕದಲ್ಲಿದೆ. ನ್ಯೂಯಾರ್ಕ್ ನಗರದ ಬಳಿಯ ಪರ್ಲ್ ರಿವರ್ ಎಂಬ ಊರಿನಲ್ಲಿ ಲೆಡರ್ಲೆ ಎಂಬ ಔಷಧ ಸಂಸ್ಥೆಯ ಪ್ರಯೋಗಾಲಯಗಳಿದ್ದವು. ಅಲ್ಲಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಭೀಮಾವರದಲ್ಲಿ ಹುಟ್ಟಿದ ನಮ್ಮ ಯಲ್ಲಾಪ್ರಗಡ ಸುಬ್ಬರಾವ್. ಅವರ ಕೈಕೆಳಗೆ, ವಿಶ್ವವಿದ್ಯಾನಿಲಯದಿಂದ ನಿವೃತ್ತನಾಗಿ ಎಪ್ಪತ್ತು ದಾಟಿದ್ದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಊರೂರಿನ ಮಣ್ಣನ್ನು ತರಿಸಿ ಪರೀಕ್ಷಿಸುತ್ತಿದ್ದ. ಮಿಸೌರಿ ವಿಶ್ವವಿದ್ಯಾನಿಲಯದ ಹಳೆಯ ಪ್ರಯೋಗದ ಹೊಲವೊಂದರಿಂದ ಬಂದ ಮಣ್ಣಿನಲ್ಲಿ ಚಿನ್ನದ ಬಣ್ಣ ಬಿಡುವ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ಬಂದ ಔಷಧಕ್ಕೆ ಚಿನ್ನದ ಹೆಸರನ್ನೇ ಇಟ್ಟು ‘ಆರಿಯೋಮೈಸಿನ್’ ಎಂದು ಕರೆದರು. 1948ರಲ್ಲಿ ಅದು ಲೋಕಕ್ಕೆ ತಿಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮನುಷ್ಯರ ಜ್ವರಕ್ಕೆಂದು ತಾವು ತರಿಸಿದ ಮದ್ದು ಕೋಳಿಯ ತೊಟ್ಟಿಗೆ ಬಿದ್ದುದನ್ನು ಅವರು ಕಾಣಲಿಲ್ಲ.

ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ಥಾಮಸ್ ಜ್ಯೂಕ್ಸ್ ಎಂಬ ಜೀವರಸಾಯನ ವಿಜ್ಞಾನಿಗೆ ಬೇರೊಂದು ಚಿಂತೆ. ಕೋಳಿಮರಿಗಳಿಗೆ ಮೀನಿನ ಪುಡಿ, ಮಾಂಸದ ಚೂರುಗಳ ಬದಲು ಅಗ್ಗದ ಸೋಯಾ ಅವರೆಯನ್ನು ತಿನ್ನಿಸಲು ರೈತರು ತೊಡಗಿದ್ದರು, ಆದರೆ ಅದರಲ್ಲಿ ಮರಿಗಳು ಸರಿಯಾಗಿ ಬೆಳೆಯುತ್ತಿರಲಿಲ್ಲ. ಏನೋ ಒಂದು ಸತ್ತ್ವದ ಕೊರತೆ. ಆ ಸತ್ತ್ವವೇ ಬಿ-12 ಜೀವಸತ್ತ್ವವೆಂದು ಆಗಷ್ಟೇ ಗೊತ್ತಾಗಿತ್ತು. ಈಲಿಯ ಸಾರದಲ್ಲಿ ಅದಿದೆ, ಆದರೆ ಬಲು ದುಬಾರಿ. ಸೂಕ್ಷ್ಮಜೀವಿಗಳೂ ಅದನ್ನು ತಯಾರಿಸಬಲ್ಲವು. ಹಾಗಿದ್ದರೆ ಡಗ್ಗರನ ಹುದುಗು ತೊಟ್ಟಿಗಳಲ್ಲಿ ಔಷಧ ತೆಗೆದ ಮೇಲೆ ಉಳಿಯುವ ಗಸಿಯಲ್ಲಿ ಅದು ಇರಬಾರದೇಕೆ? ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯನ್ನು ನಾವು ದನಕ್ಕಿಡುವುದಿಲ್ಲವೇ, ಅಂಥ ಯೋಚನೆ ಅದು. ಜ್ಯೂಕ್ಸನೂ ಅವನ ಸಹೋದ್ಯೋಗಿ ರಾಬರ್ಟ್ ಸ್ಟೋಕ್‌ಸ್ಟಾಡನೂ ಮರಿಗಳನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಆಹಾರವನ್ನಿತ್ತರು. 1948ರ ಕ್ರಿಸ್‌ಮಸ್ ಹಬ್ಬದ ದಿನ, ಉಳಿದವರೆಲ್ಲ ರಜೆಯಲ್ಲಿದ್ದಾಗ, ಜ್ಯೂಕ್ಸ್ ತಾನೊಬ್ಬನೇ ಕುಳಿತು ಮರಿಗಳನ್ನು ತಕ್ಕಡಿಗಿಟ್ಟು ತೂಗಿದ. ಗಸಿ ತಿಂದ ಮರಿಗಳು ಈಲಿಯ ಸಾರ ತಿಂದವುಗಳನ್ನೂ ಮೀರಿ ಬೆಳೆದಿದ್ದವು!

ಇದು ಬಿ-12 ಒಂದರ ಕೆಲಸವಾಗಿರಲಾರದು. ಮೊದಲು ಅವರು ಹೊಸದೊಂದು ಜೀವಸತ್ತ್ವವಿರಬೇಕೆಂದು ಹುಡುಕಿದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಗಸಿಯಲ್ಲಿ ಅಳಿದುಳಿದಿದ್ದ ಆರಿಯೋಮೈಸಿನ್. 1950ರಲ್ಲಿ ಸುದ್ದಿ ಪ್ರಕಟವಾಯಿತು, 1951ರಲ್ಲಿ ಪಶುವೈದ್ಯರ ಚೀಟಿಯಿಲ್ಲದೆಯೇ ಅದನ್ನು ಆಹಾರದಲ್ಲಿ ಬೆರೆಸಲು ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ಒಂದು ಟನ್ ಆಹಾರಕ್ಕೆ ಕೆಲವೇ ಗ್ರಾಂ ಔಷಧ ಸಾಕು. ಅಷ್ಟಕ್ಕೆ ಕೋಳಿ ಬೇಗ ಬೆಳೆಯುತ್ತದೆ. ಇಕ್ಕಟ್ಟಿನ ಮನೆಗಳಲ್ಲಿ ಸಾವಿರಾರು ಹಕ್ಕಿಗಳನ್ನು ತುಂಬಿದರೂ ಬೇನೆ ಬೀಳುವುದು ಕಡಮೆ. ಮುಂದಿನ ಹತ್ತು ವರ್ಷಗಳಲ್ಲಿ ಕೋಳಿ ಸಾಕಣೆಯೆಂಬ ಮನೆವಾರ್ತೆ ಕಾರ್ಖಾನೆಯ ರೂಪವನ್ನು ತಾಳಿತು. ಅಮೆರಿಕದಲ್ಲಿ ಕೊಯ್ದ ಕೋಳಿಯನ್ನು ಕೆಡದಂತೆ ಇದೇ ಔಷಧದ ನೀರಿನಲ್ಲಿ ಅದ್ದಿ ಮಾರುವ ಪದ್ಧತಿಯೂ ಕೆಲಕಾಲ ಇತ್ತು!

ಜ್ಯೂಕ್ಸನನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ತಕ್ಕಡಿ ಸುಳ್ಳು ಹೇಳಲಿಲ್ಲ. ಅದು ತೂಗಿದ್ದು ಕೋಳಿಯನ್ನು ಮಾತ್ರ. ಕೋಳಿಯ ಹೊಟ್ಟೆಯಲ್ಲಿ ಅದೇ ಹೊತ್ತಿಗೆ ನಡೆಯುತ್ತಿದ್ದ ಇನ್ನೊಂದು ಬೇಸಾಯವನ್ನು ತೂಗುವ ತಕ್ಕಡಿ ಬೇರೆ.

ಈ ಇನ್ನೊಂದು ಬೇಸಾಯದ ವಿಷಯವನ್ನು ಪೆನಿಸಿಲಿನ್ ಕಂಡ ಅಲೆಕ್ಸಾಂಡರ್ ಫ್ಲೆಮಿಂಗನೇ 1945ರ ತನ್ನ ನೊಬೆಲ್ ಭಾಷಣದಲ್ಲಿ ಪ್ರಸ್ತಾಪಿಸಿದ್ದ. ಗಂಟಲು ನೋವೆಂದು ಒಬ್ಬಾತ ಔಷಧವನ್ನು ತಾನಾಗಿಯೇ ಕೊಂಡು ಸಾಲದಷ್ಟು ತಿನ್ನುತ್ತಾನೆ, ರೋಗಾಣುಗಳು ಸಾಯದೆ ಔಷಧವನ್ನು ಎದುರಿಸುವ ವಿದ್ಯೆ ಕಲಿಯುತ್ತವೆ, ಅವು ಹೆಂಡತಿಗೆ ಅಂಟುತ್ತವೆ, ಔಷಧ ನಾಟದೆ ಆಕೆ ಸಾಯುತ್ತಾಳೆ. ಫ್ಲೆಮಿಂಗ್ ಕಟ್ಟಿ ಹೇಳಿದ ದೃಷ್ಟಾಂತ ಇದು. ನಮ್ಮ ರೈತರಿಗೆ ಇದನ್ನು ಗರಿಕೆಯ ಮಾತಿನಲ್ಲಿ ಹೇಳಬಹುದು. ಹೊಲದ ಕಳೆಯನ್ನು ಮೇಲೆ ಮೇಲೆ ಕೆರೆದು ಬಿಟ್ಟರೆ ಎಳೆಯ ಹುಲ್ಲೆಲ್ಲ ಸಾಯುತ್ತದೆ, ಬೇರು ಬಿಟ್ಟ ಗರಿಕೆ ಉಳಿಯುತ್ತದೆ. ಪೈಪೋಟಿಗಿದ್ದ ಹುಲ್ಲು ಹೋದದ್ದರಿಂದ ಮರುವರ್ಷ ಹೊಲವೆಲ್ಲ ಗರಿಕೆಯೇ. ಕೋಳಿಗೆ ದಿನವೂ ಚಿಟಿಕೆ ಮದ್ದು ಹಾಕುವುದೆಂದರೆ ಅದರ ಕರುಳಿನಲ್ಲಿ ಗರಿಕೆಯನ್ನು ಸಾಕುವುದು. ಕಡಮೆ ಹಾಕಿದರೆ ಏನೂ ಆಗದೆಂದು ನಾನು ಹೇಳಿದೆನಲ್ಲ, ಕಡಮೆ ಹಾಕುವುದರಲ್ಲೇ ಇದ್ದುದು ಕೇಡು. 1951ರಲ್ಲೇ, ಅಂದರೆ ಒಪ್ಪಿಗೆ ದೊರೆತ ವರ್ಷವೇ, ಸ್ಟಾರ್ ಮತ್ತು ರೆನಾಲ್ಡ್ಸ್ ಎಂಬಿಬ್ಬರು ಸ್ಟ್ರೆಪ್ಟೊಮೈಸಿನ್ ತಿನ್ನಿಸಿದ ಟರ್ಕಿ ಕೋಳಿಗಳ ಕರುಳಿನಲ್ಲಿ ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳನ್ನು ಕಂಡು ಬರೆದರು. ಯಾರೂ ಹೆಚ್ಚಾಗಿ ಲಕ್ಷ್ಯ ಕೊಡಲಿಲ್ಲ.

ಟರ್ಕಿ ಕೋಳಿಯ ಬ್ಯಾಕ್ಟೀರಿಯ ಕೋಳಿಯಲ್ಲೇ ಇದ್ದುಕೊಂಡರೆ ನಮಗೇನೆಂಬ ಪ್ರಶ್ನೆಗೆ ಉತ್ತರ ಬಂದದ್ದು ಜಪಾನಿನಿಂದ. ಯುದ್ಧದ ಅನಂತರ ಅಲ್ಲಿ ರಕ್ತಭೇದಿ ಹರಡಿದಾಗ, ಒಂದೇ ಪೆಟ್ಟಿಗೆ ನಾಲ್ಕು ಔಷಧಗಳನ್ನು ಧಿಕ್ಕರಿಸುವ ರೋಗಾಣುಗಳು ಕಾಣಿಸಿಕೊಂಡವು. 1959ರಿಂದ ಅಲ್ಲಿಯ ವಿಜ್ಞಾನಿಗಳು ನಡೆಸಿದ ಸಂಶೋಧನೆಗಳನ್ನು ತ್ಸುತೊಮು ವಾತಾನಾಬೆ 1963ರಲ್ಲಿ ಇಂಗ್ಲಿಷಿನಲ್ಲಿ ಬರೆದು ಪಶ್ಚಿಮಕ್ಕೆ ತಿಳಿಸಿದ. ಅವರು ಕಂಡ ಸತ್ಯ ವಿಚಿತ್ರವಾದದ್ದು. ಆಸ್ತಿ ತಂದೆಯಿಂದ ಮಗನಿಗೆ ಬರುವುದು ಲೋಕರೂಢಿ. ಬ್ಯಾಕ್ಟೀರಿಯಗಳಲ್ಲಾದರೋ, ಔಷಧವನ್ನು ಎದುರಿಸುವ ಗುಣ ಪಕ್ಕದ ಮನೆಯವನಿಗೂ ದಾನವಾಗಿ ಹೋಗುತ್ತದೆ, ಜಾತಿಭೇದವೂ ಇಲ್ಲ. ನಿರುಪದ್ರವಿಯಾದ ಕರುಳಿನ ಬ್ಯಾಕ್ಟೀರಿಯವೊಂದು ಭೇದಿಯ ರೋಗಾಣುವಿಗೆ ಅದನ್ನು ಕೊಡಬಲ್ಲದು. ಕೊಡುವುದೂ ಬಿಡಿಬಿಡಿಯಾಗಿ ಅಲ್ಲ: ಪ್ಲಾಸ್ಮಿಡ್ ಎಂಬ ಒಂದೇ ಗಂಟಿನಲ್ಲಿ ನಾಲ್ಕೈದು ಔಷಧಗಳ ಉತ್ತರಗಳು ಕಟ್ಟಿಟ್ಟಿರುತ್ತವೆ. ಒಂದು ಔಷಧವನ್ನು ತಿನ್ನಿಸಿದರೂ ಸಾಕು, ಗಂಟಿಗೆ ಗಂಟೇ ಬೆಳೆಯುತ್ತದೆ.

ಬ್ರಿಟನ್ನಿನಲ್ಲಿ ಇ. ಎಸ್. ಆಂಡರ್ಸನ್ ಈ ಮಾತಿನ ಅರ್ಥವನ್ನು ತಟ್ಟನೆ ಗ್ರಹಿಸಿದ. ಲಂಡನ್ನಿನ ಕೊಲಿಂಡೇಲ್ ಪ್ರಯೋಗಾಲಯದಲ್ಲಿ ಕುಳಿತು, ದೇಶದ ಎಲ್ಲೆಡೆಯಿಂದ ಬರುತ್ತಿದ್ದ ಸಾಲ್ಮೊನೆಲ್ಲ ರೋಗಾಣುಗಳ ವಂಶಾವಳಿಯನ್ನು ಬಿಡಿಸುವುದು ಅವನ ವೃತ್ತಿ. 1960ರ ದಶಕದ ನಡುವೆ, ಹಲವು ಔಷಧಗಳಿಗೆ ಬಗ್ಗದ ಒಂದೇ ವಂಶದ ಸಾಲ್ಮೊನೆಲ್ಲ ಕರುಗಳಲ್ಲಿಯೂ ಮನುಷ್ಯರಲ್ಲಿಯೂ ಕಾಣಿಸಿಕೊಂಡುದನ್ನು ಅವನು ಪತ್ತೆಹಚ್ಚಿ, ಪತ್ರಿಕೆಗಳಲ್ಲಿ ಬರೆದು ಗದ್ದಲವೆಬ್ಬಿಸಿದ. 1967ರ ಚಳಿಗಾಲದಲ್ಲಿ ಮಿಡಲ್ಸ್‌ಬರೊ ಪಟ್ಟಣದ ಆಸ್ಪತ್ರೆಗಳಲ್ಲಿ ಔಷಧ ನಾಟದ ಭೇದಿಯಿಂದ ಹಸುಳೆಗಳು ತೀರಿಕೊಂಡಾಗ ಜನರ ಗಮನ ಈ ಕಡೆ ಪೂರ್ತಿಯಾಗಿ ಹೊರಳಿತು. ಆ ರೋಗಾಣು ಕೊಟ್ಟಿಗೆಯಿಂದಲೇ ಬಂತೆಂದು ಸಿದ್ಧವಾಗಲಿಲ್ಲ, ಅದನ್ನು ಹೇಳಬೇಕು. ಆದರೂ ಸರ್ಕಾರ ಸುಮ್ಮನಿರುವಂತಿರಲಿಲ್ಲ. ಮೈಕೇಲ್ ಸ್ವಾನ್ ಎಂಬ ವಿದ್ವಾಂಸರ ಅಧ್ಯಕ್ಷತೆಯ ಸಮಿತಿ 1969ರ ನವೆಂಬರಿನಲ್ಲಿ ವರದಿಯನ್ನು ಕೊಟ್ಟಿತು. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧವನ್ನು ಬೆಳವಣಿಗೆಗೆಂದು ಪಶುಪಕ್ಷಿಗಳ ಆಹಾರದಲ್ಲಿ ಬೆರೆಸಕೂಡದು ಎಂಬುದೇ ಅದರ ತಿರುಳು. ಇಂಥ ಮಾತನ್ನು ಒಂದು ಸರ್ಕಾರಿ ಸಮಿತಿ ಇಷ್ಟು ನೇರವಾಗಿ ಹೇಳಿದ್ದು ಮೆಚ್ಚತಕ್ಕದ್ದೇ. ಆದರೆ ಪಶುವೈದ್ಯರ ಚೀಟಿಯಿದ್ದರೆ ಅದೇ ಔಷಧ ಅದೇ ತೊಟ್ಟಿಗೆ ಹೋಗಬಹುದಾಗಿತ್ತು. ಮನುಷ್ಯರಿಗೆ ಬಳಸದ ಔಷಧಗಳಿಗೆ ತಡೆಯೂ ಇರಲಿಲ್ಲ. ಈ ಎರಡನೆಯ ಕಿಂಡಿಯ ಮಾತನ್ನು ಮುಂದೆ ಹೇಳುತ್ತೇನೆ.

ನನ್ನ ಮಟ್ಟಿಗೆ ಈ ಚರಿತ್ರೆಯ ಹೃದಯ ಇರುವುದು 1976ರಲ್ಲಿ ಪ್ರಕಟವಾದ ಒಂದು ಸಣ್ಣ ಲೆಕ್ಕದಲ್ಲಿ. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾನಿಲಯದ ವೈದ್ಯ ಸ್ಟುವರ್ಟ್ ಲೆವಿ, ನಗರದಿಂದ ಅಷ್ಟೇನೂ ದೂರವಿಲ್ಲದ ಒಂದು ರೈತ ಕುಟುಂಬವನ್ನು ಒಪ್ಪಿಸಿ, ಅವರ ಹಟ್ಟಿಯಲ್ಲಿ 300 ಕೋಳಿಮರಿಗಳನ್ನು ಬಿಟ್ಟ. 150 ಮರಿಗಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ, ಉಳಿದ 150ಕ್ಕೆ ಬರಿಯ ಆಹಾರ. ಕೋಳಿಗಳ ಹಿಕ್ಕೆಯನ್ನೂ ಮನೆಯ 11 ಮಂದಿಯ ಮಲವನ್ನೂ ನೆರೆಹೊರೆಯ 24 ಮಂದಿಯ ಮಲವನ್ನೂ ವಾರ ವಾರ ತೆಗೆದು ಪರೀಕ್ಷಿಸಿದ. ಖರ್ಚನ್ನು ವಹಿಸಿದ್ದು ಪಶು ಔಷಧ ತಯಾರಕರ ಸಂಘವೇ. ಹೆದರುವಂಥದ್ದೇನೂ ಇಲ್ಲವೆಂದು ಲೋಕಕ್ಕೆ ತೋರಿಸುವ ಆಸೆ ಅವರಿಗೆ.

ಒಂದು ವಾರದೊಳಗೆ ಔಷಧ ತಿಂದ ಕೋಳಿಗಳ ಕರುಳಿನಲ್ಲಿ ಟೆಟ್ರಾಸೈಕ್ಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಗಳೇ ತುಂಬಿಹೋದವು. ಮನೆಯವರಲ್ಲಿ ಅಷ್ಟು ಬೇಗ ಅಲ್ಲ, ಮೆಲ್ಲಮೆಲ್ಲನೆ. ಐದಾರು ತಿಂಗಳು ಕಳೆಯುವಷ್ಟರಲ್ಲಿ, ಮನೆಯವರ ಮಾದರಿಗಳಲ್ಲಿ ಶೇಕಡ 31.3ರಷ್ಟು ಮಾದರಿಗಳ ಬ್ಯಾಕ್ಟೀರಿಯಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಔಷಧಕ್ಕೆ ಬಗ್ಗದವಾಗಿದ್ದವು. ನೆರೆಹೊರೆಯವರಲ್ಲಿ ಅಂಥ ಮಾದರಿಗಳು ಶೇಕಡ 6.8. ಈ ಬ್ಯಾಕ್ಟೀರಿಯಗಳ ಗಂಟಿನಲ್ಲಿ ಆ ಕೋಳಿಗಳಿಗೆ ಹಾಕದೇ ಇದ್ದ ಬೇರೆ ಔಷಧಗಳ ಉತ್ತರಗಳೂ ಇದ್ದವು. ಮನೆಯವರು ಔಷಧ ಸೇವಿಸಿರಲಿಲ್ಲ. ಅವರು ಮಾಡಿದ್ದು ಕೋಳಿಗೆ ಕಾಳು ಹಾಕುವುದು, ಹಾಸು ಬದಲಿಸುವುದು, ಅಷ್ಟೇ. ಆಹಾರವನ್ನು ನಿಲ್ಲಿಸಿದ ಆರು ತಿಂಗಳ ಮೇಲೆ ಹೆಚ್ಚಿನವರಲ್ಲಿ ಅವು ಕಾಣದಾದವು.

ಈ ಲೇಖನವನ್ನು ನಾನು ಓದಿದ್ದು ಅದು ಪ್ರಕಟವಾಗಿ ಹದಿನೈದು ವರ್ಷಗಳಾದ ಮೇಲೆ, ಯಾವುದೋ ತರಬೇತಿಗೆಂದು ಬೆಂಗಳೂರಿಗೆ ಬಂದಿದ್ದಾಗ. ಓದಿ ಮುಗಿಸಿ ನನ್ನ ಕೈಬೆರಳುಗಳನ್ನು ನೋಡಿಕೊಂಡೆನೆಂದರೆ ಶ್ರೋತೃಗಳು ನಗಬಾರದು. ಆ ರೈತರ ಮನೆಯಲ್ಲಿ ಕಾಳು ಹಾಕುತ್ತಿದ್ದವರು ಅವರ ಸೊಸೆ. ಸೊಂಟದಲ್ಲಿ ಮಗು ಇರುತ್ತಿತ್ತು.

ಲೆವಿಯ ಲೆಕ್ಕ ಪ್ರಕಟವಾದ ಮರುವರ್ಷ, 1977ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮುಖ್ಯಸ್ಥ ಡೊನಾಲ್ಡ್ ಕೆನೆಡಿ ಬೆಳವಣಿಗೆಗೆಂದು ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಬೆರೆಸುವ ಅನುಮತಿಯನ್ನು ಹಿಂತೆಗೆದುಕೊಳ್ಳಲು ಹೊರಟ. ಅಲ್ಲಿಯ ಶಾಸನಸಭೆ ಅಡ್ಡ ಬಂತು. ಇನ್ನಷ್ಟು ಅಧ್ಯಯನವಾಗಲಿ ಎಂದಿತು. ಆ ಪ್ರಸ್ತಾಪ 2011ರ ತನಕ ಕಡತದಲ್ಲೇ ಮಲಗಿದ್ದು, ಕೊನೆಗೆ ಜಾರಿಯಾಗದೆಯೇ ರದ್ದಾಯಿತು. ಚಿಕಿತ್ಸೆಗೆ ಮುಖ್ಯವಾದ ಔಷಧಗಳನ್ನು ಬೆಳವಣಿಗೆಗೆ ಬಳಸುವುದು ಆ ದೇಶದಲ್ಲಿ ನಿಂತದ್ದು 2017ರಲ್ಲಿ. ಅಷ್ಟೂ ಕಾಲ ಉದ್ಯಮದ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: ಇಂಥ ಕೋಳಿಯ ಇಂಥ ಬ್ಯಾಕ್ಟೀರಿಯದಿಂದ ಇಂಥ ಮನುಷ್ಯ ಸತ್ತನೆಂದು ತೋರಿಸಿ.

ಇದು ತೋರಿಸಲಾಗದ ಸಂಗತಿಯೆಂಬುದು ನನಗೆ ಮನೆಯಲ್ಲೇ ಅನುಭವಕ್ಕೆ ಬಂತು. 2011ರಲ್ಲಿ ನನ್ನ ತಂಗಿಗೆ ಮೂತ್ರದ ಸೋಂಕು ತಗಲಿ ಗುಳಿಗೆಗಳು ನಾಟದೆ ಹೋದವು. ಆಸ್ಪತ್ರೆಯಿಂದ ಬಂದ ಪರೀಕ್ಷೆಯ ವರದಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯದ ಹೆಸರು, ಅದರ ಕೆಳಗೆ ಔಷಧಗಳ ಪಟ್ಟಿ, ಒಂದೊಂದರ ಮುಂದೆಯೂ ನಾಟುತ್ತದೆಯೋ ಇಲ್ಲವೋ ಎಂಬ ಗುರುತು. ನಾಟದವೇ ಹೆಚ್ಚು. ಅವುಗಳಲ್ಲಿ ಟೆಟ್ರಾಸೈಕ್ಲಿನ್ ಕೂಡ ಒಂದು. ಆ ಗುಣ ಬಂದದ್ದು ಕೋಳಿಯಿಂದಲೋ, ನಮ್ಮೂರಿನ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಮಾರುವ ಗುಳಿಗೆಗಳಿಂದಲೋ, ಆಸ್ಪತ್ರೆಯ ಮಂಚದಿಂದಲೋ? ಯಾವ ಪ್ರಯೋಗಾಲಯವೂ ನನಗೆ ಹೇಳಲಾರದು. ಹತ್ತು ದಿನ ಚುಚ್ಚುಮದ್ದು ಹಾಕಿಸಿಕೊಂಡು ಆಕೆ ಚೇತರಿಸಿಕೊಂಡಳು. ನದಿಯ ನೀರಿಗೆ ನೂರು ಹಳ್ಳ ಸೇರಿರುವಾಗ ಬೊಗಸೆಯ ನೀರು ಯಾವ ಹಳ್ಳದ್ದೆಂದು ಸಾಬೀತುಮಾಡು ಎಂದರೆ ಹೇಗೆ?

ಯುರೋಪಿನವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿಕೊಂಡರು: ಹಳ್ಳವೊಂದನ್ನು ಕಟ್ಟಿ ನೋಡೋಣ. ಸ್ವಾನ್ ವರದಿಯ ಎರಡನೆಯ ಕಿಂಡಿಯಿಂದ ನುಸುಳಿದ್ದ ಔಷಧಗಳಲ್ಲಿ ಆವೊಪಾರ್ಸಿನ್ ಒಂದು. ಮನುಷ್ಯರಿಗೆ ಬಳಸದ್ದೆಂದು ಅದನ್ನು ಕೋಳಿಗೂ ಹಂದಿಗೂ ಧಾರಾಳವಾಗಿ ತಿನ್ನಿಸಿದರು. ಆದರೆ ಅದು, ಆಸ್ಪತ್ರೆಗಳಲ್ಲಿ ಕೊನೆಯ ಆಸರೆಯಾಗಿದ್ದ ವ್ಯಾಂಕೋಮೈಸಿನ್‌ನ ಒಡಹುಟ್ಟು. ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯ ಇನ್ನೊಂದಕ್ಕೂ ಬಗ್ಗದು. ಡೆನ್ಮಾರ್ಕ್ 1995ರಲ್ಲಿ ಆವೊಪಾರ್ಸಿನ್ ನಿಲ್ಲಿಸಿತು. ಆ ವರ್ಷ ಅಲ್ಲಿಯ ಮಾಂಸದ ಕೋಳಿಗಳಿಂದ ತೆಗೆದ ಎಂಟೆರೊಕಾಕಸ್ ಫೀಸಿಯಂ ಬ್ಯಾಕ್ಟೀರಿಯಗಳಲ್ಲಿ ವ್ಯಾಂಕೋಮೈಸಿನ್‌ಗೆ ಬಗ್ಗದವು ಶೇಕಡ 73ರಷ್ಟಿದ್ದವು. 2000ದಲ್ಲಿ ಶೇಕಡ 6ಕ್ಕೆ ಇಳಿದವು. ಕೋಳಿ ಉದ್ಯಮವೂ ಮುಳುಗಲಿಲ್ಲ. ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ಬೆಳವಣಿಗೆಯ ಪ್ರತಿಜೀವಕಗಳೆಲ್ಲವನ್ನೂ ನಿಷೇಧಿಸಿತು.

ನಮ್ಮ ದೇಶದ ಮಾತಿಗೆ ಬರುತ್ತೇನೆ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಆ ನಗರದ ಸುತ್ತಿನ ಅಂಗಡಿಗಳಿಂದ 70 ಕೋಳಿಗಳ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಶೇಕಡ 40ರಲ್ಲಿ ಔಷಧದ ಅಂಶ ಸಿಕ್ಕಿತು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಬರೆದವು. ಆದರೆ ಮಾಂಸದಲ್ಲಿ ಉಳಿದ ಔಷಧಕ್ಕಿಂತ ಅಂಗಳದಲ್ಲಿ ಉಳಿದ ಬ್ಯಾಕ್ಟೀರಿಯದ ಚಿಂತೆಯೇ ನನಗೆ ಹೆಚ್ಚು. ಚೆನ್ನಾಗಿ ಬೇಯಿಸಿದರೆ ಮಾಂಸದ ಬ್ಯಾಕ್ಟೀರಿಯ ಸಾಯುತ್ತದೆ. ಹಿಕ್ಕೆಯನ್ನು ಬೇಯಿಸುವವರಿಲ್ಲ, ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಮಳೆ ಬಂದಾಗ ಕೆರೆಗೆ ಇಳಿಯುತ್ತದೆ. 2017ರಲ್ಲಿ ಪ್ರಕಟವಾದ ಪಂಜಾಬಿನ ಒಂದು ಅಧ್ಯಯನ 18 ಕೋಳಿ ಫಾರಂಗಳ 530 ಕೋಳಿಗಳಿಂದ 1,556 ಇ. ಕೋಲಿ ಬ್ಯಾಕ್ಟೀರಿಯಗಳನ್ನು ತೆಗೆದು ನೋಡಿತು. ಹೊಸ ತಲೆಮಾರಿನ ಪೆನಿಸಿಲಿನ್ ಬಳಗದ ಔಷಧಗಳನ್ನೂ ಒಡೆದುಹಾಕುವ ಕಿಣ್ವವುಳ್ಳವು, ಮೊಟ್ಟೆ ಕೋಳಿಗಳ ಫಾರಂಗಳಲ್ಲಿ ಶೇಕಡ 42 ಇದ್ದರೆ ಬ್ರಾಯ್ಲರ್ ಫಾರಂಗಳಲ್ಲಿ ಶೇಕಡ 87.

ಕಾನೂನು ತಡವಾಗಿ ಬಂತು. ಕೊಲಿಸ್ಟಿನ್ ಎಂಬ ಹಳೆಯ ಔಷಧವಿದೆ. ಮೂತ್ರಪಿಂಡಕ್ಕೆ ಕೇಡೆಂದು ವೈದ್ಯರು ಅದನ್ನು ಮೂಲೆಗಿಟ್ಟಿದ್ದರು. ಬೇರೆಲ್ಲ ಔಷಧಗಳೂ ಸೋತಾಗ ಮತ್ತೆ ಕೈಗೆತ್ತಿಕೊಂಡರು. ಅದು ಮೂಲೆಯಲ್ಲಿದ್ದ ವರ್ಷಗಳಲ್ಲಿ ಕೋಳಿಗೂ ಹಂದಿಗೂ ಅಗ್ಗದ ಮದ್ದಾಗಿ ಹೋಗಿತ್ತು. 2015ರ ನವೆಂಬರಿನಲ್ಲಿ ಚೀನದ ವಿಜ್ಞಾನಿಗಳು, ಕೊಲಿಸ್ಟಿನ್‌ಗೆ ಬಗ್ಗದ ಗುಣವೂ ಪ್ಲಾಸ್ಮಿಡ್‌ನ ಗಂಟಿನೊಳಗೆ ಸೇರಿಕೊಂಡಿರುವುದನ್ನು ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಕಂಡು ಪ್ರಕಟಿಸಿದರು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ, ಮೀನುಗಳಿಗೆ ಕೊಲಿಸ್ಟಿನ್ ಕೊಡುವುದನ್ನೂ ಆಹಾರದಲ್ಲಿ ಬೆರೆಸುವುದನ್ನೂ ನಿಷೇಧಿಸಿತು.

ನಿವೃತ್ತನಾಗಿ ಹಲವು ವರ್ಷಗಳ ಮೇಲೆ ಒಂದು ಮದುವೆಯ ನೆಪದಲ್ಲಿ ಆ ತಾಲ್ಲೂಕಿಗೆ ಮತ್ತೆ ಹೋಗಿದ್ದೆ. ಆ ಹಿರಿಯ ರೈತರು ಈಗಿಲ್ಲ. ಅಂದು ಸೊಂಟದಲ್ಲಿದ್ದ ಅವರ ಮೊಮ್ಮಗನೇ ಈಗ ಐದು ಸಾವಿರ ಬ್ರಾಯ್ಲರ್ ಸಾಕುತ್ತಾನೆ. ಕೋಳಿಗಳು ಅವನವಲ್ಲ. ಒಂದು ಕಂಪನಿಯವರು ಮರಿ ತಂದು ಬಿಡುತ್ತಾರೆ, ಫೀಡ್ ಕಳಿಸುತ್ತಾರೆ, ಆರು ವಾರಕ್ಕೆ ಬಂದು ಲಾರಿಗೆ ತುಂಬಿಕೊಂಡು ಹೋಗುತ್ತಾರೆ. ತೂಕಕ್ಕೆ ಇಷ್ಟೆಂದು ಇವನಿಗೆ ಕೂಲಿ. ಫಾರಂ ಚೊಕ್ಕಟವಾಗಿತ್ತು. ಮೂಲೆಯಲ್ಲಿ ಪೇರಿಸಿದ್ದ ಫೀಡ್ ಚೀಲವೊಂದನ್ನು ಅವನು ಬೆಳಕಿಗೆ ಎಳೆದು ತಂದ. ಕನ್ನಡಕ ಹಾಕಿಕೊಂಡು ಓದಿದೆ. ಪ್ರೋಟೀನ್ ಇಷ್ಟು, ಜಿಡ್ಡು ಇಷ್ಟು, ನಾರು ಇಷ್ಟು ಎಂದು ಅಚ್ಚು ಹಾಕಿದ್ದರು. ಮದ್ದಿನ ಹೆಸರೊಂದೂ ಇರಲಿಲ್ಲ.

‘ಇದ್ರಲ್ಲಿ ಮದ್ದು ಬೆರ್ಸಿದಾರಾ ಸಾರ್?’ ಎಂದು ಕೇಳಿದ.

ಚೀಲವನ್ನು ತಿರುಗಿಸಿ ಹಿಂಬದಿಯನ್ನೂ ಓದಿದೆ. ಅಲ್ಲಿ ಕಂಪನಿಯ ಹೆಸರು, ತೂಕ, ಮತ್ತು ಒಣ ಜಾಗದಲ್ಲಿ ಇಡಬೇಕೆಂಬ ಸೂಚನೆ ಇದ್ದವು.